ಚನ್ನಿಗಪ್ಪನಿಗೆ ನಾನು ಹೇಳಿದ ಇನ್ನರ್ಧ ಕತೆ

ಆ ಸಿನಿಮಾದ ಕೊನೆ ನಾನು ಹೇಳಿದ ಹಾಗೆ ಇರಲಿಲ್ಲ. ನಾನು ಸುಳ್ಳು ಹೇಳಿದೆ. ಬೇಕು ಅಂತಲೇ ಹೇಳಿದೆ. ಬಾಯಿ ತಪ್ಪಿ ಬಂದಿದ್ದಲ್ಲ, ಮರೆತು ಹೇಳಿದ್ದೂ ಅಲ್ಲ — ಆ ವಾರ ಪೂರ್ತಿ ದಿನಕ್ಕೆ ಎರಡು ಸಲ ಆ ಕೊನೆಯನ್ನ ನನ್ನ ಕೈಯಾರೆ ಓಡಿಸಿದ್ದೆ. ಹಳೇಬೀಡಲ್ಲಿ ನನಗಿಂತ ಚೆನ್ನಾಗಿ ಅದು ಯಾರಿಗೂ ಗೊತ್ತಿರಲಿಲ್ಲ. ಆದರೂ ಚನ್ನಿಗಪ್ಪನ ಮುಖ ನೋಡ್ಕೊಂಡು, ಪಕ್ಕದಲ್ಲಿದ್ದ ಇಬ್ಬರು ನಗಲಿ ಅಂತ, ಬೇರೆ ಕೊನೆ ಕಟ್ಟಿ ಹೇಳಿದೆ.

ಒಂದು ಸಿನಿಮಾ ಕತೆ ತಾನೇ, ಇದಕ್ಕೆಲ್ಲಾ ಇಷ್ಟು ಯಾಕೆ ಅಂತ ನೀವು ಕೇಳಬಹುದು. ನಾನೂ ಬಹಳ ವರ್ಷ ಹಾಗೇ ಅಂದ್ಕೊಂಡಿದ್ದೆ — ಅಂದ್ಕೊಳ್ಳೋಕೆ ಕಷ್ಟಪಟ್ಟಿದ್ದೆ ಅನ್ನೋದು ಸರಿ. ಪೂರ್ತಿ ಹೇಳ್ತೀನಿ. ಒಂದೇ ಬೆರಳಲ್ಲಿ ಟೈಪ್ ಮಾಡ್ತಿರೋದು, ಮಧ್ಯೆ ಮಧ್ಯೆ ಕೈ ನಿಂತುಹೋಗುತ್ತೆ. ಬೆರಳು ಸೋತು ಅಲ್ಲ.

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಹಳೇಬೀಡಲ್ಲಿ ಆಗ ಒಂದು ಟಾಕೀಸು ಇತ್ತು. ದೊಡ್ಡದೇನಲ್ಲ — ಮಣ್ಣಿನ ಗೋಡೆ, ಮೇಲೆ ಶೀಟು, ಮಳೆ ಬಂದರೆ ಡೈಲಾಗು ಒಂದೂ ಕೇಳಿಸ್ತಿರಲಿಲ್ಲ. ನಾನು ಅಲ್ಲಿ ಆಪರೇಟರು, ಮಿಷಿನ್ನು ಓಡಿಸೋನು. ಓದಿದ್ದು ಮೂರನೇ ಕ್ಲಾಸು. ಪೋಸ್ಟರಿನ ಅಕ್ಷರ ಕೂಡಿಸಿ ಕೂಡಿಸಿ ಓದ್ತಿದ್ದೆ, ಅಷ್ಟೇ. ನಮ್ಮ ಸಾಹುಕಾರರೇ ಬೇಲೂರಲ್ಲೂ ಒಂದು ಟಾಕೀಸು ನಡೆಸ್ತಿದ್ರು. ಎರಡೂ ಊರಿಗೆ ಸೇರಿ ಅವರು ತರಿಸ್ತಿದ್ದದ್ದು ಒಂದೇ ಪ್ರಿಂಟು.

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ತಪ್ಪಿಗೆ ಜಾಗ ಸಿಕ್ಕಿದ್ದೇ ಇಲ್ಲಿ.

ಒಂದು ಸಿನಿಮಾ ಅಂದ್ರೆ ಎರಡು ಪೆಟ್ಟಿಗೆ. ಇಂಟರ್ವಲ್ಲಿಗೆ ಮುಂಚಿನದು ಒಂದು, ಆಮೇಲಿನದು ಒಂದು. ಬೇಲೂರಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಆಟ ಶುರು. ಅಲ್ಲಿ ಇಂಟರ್ವಲ್ಲು ಆಗ್ತಿದ್ದ ಹಾಗೆ ಮೊದಲನೇ ಪೆಟ್ಟಿಗೆಯನ್ನ ಮೊಪೆಡ್ಡಿಗೆ ಕಟ್ಟಿ ಹದಿನಾರು ಕಿಲೋಮೀಟರು ದೂರದ ನನ್ನ ಹತ್ರ ತರಬೇಕು. ನಾನು ಅದನ್ನ ಮಿಷಿನ್ನಿಗೆ ಹಾಕಿ ಆಟ ಶುರು ಮಾಡೋ ಹೊತ್ತಿಗೆ ತಂದೋನು ಖಾಲಿ ಗಾಡೀಲಿ ವಾಪಸ್ ಬೇಲೂರಿಗೆ. ಅಲ್ಲಿ ಆಟ ಮುಗೀತಾನೇ ಎರಡನೇ ಪೆಟ್ಟಿಗೆ ಹೇರ್ಕೊಂಡು ಮತ್ತೆ ಹಳೇಬೀಡಿಗೆ. ಅದನ್ನ ಕೊಟ್ಟು, ಮೊದಲನೇದನ್ನ ಎತ್ಕೊಂಡು, ಸಂಜೆ ಆಟಕ್ಕೆ ಮತ್ತೆ ಬೇಲೂರು. ಹೀಗೇ ಇಡೀ ದಿನ.

ಆ ಪೆಟ್ಟಿಗೆ ಹೊರೋನೇ ಚನ್ನಿಗಪ್ಪ. ಹಗರೆಯವನು, ಅಕ್ಕನ ಮನೇಲಿದ್ದ. ಬೆಳಗ್ಗೆ ಡೇರಿಗೆ ಹಾಲು ಹಾಕಿ ಕೆಲಸಕ್ಕೆ ಬರ್ತಿದ್ದ. ಬಾಗಿಲು ಬಗ್ಗಿ ದಾಟೋ ಅಷ್ಟು ಎತ್ತರ. ಮೊಪೆಡ್ ಮೇಲೆ ಕೂತರೆ ಮಂಡಿ ಎರಡೂ ಹ್ಯಾಂಡಲಿಗಿಂತ ಮೇಲಕ್ಕೆ ಬರ್ತಿತ್ತು. ನನಗಿಂತ ಐದಾರು ವರ್ಷ ದೊಡ್ಡೋನು. ಆದರೂ ನನ್ನನ್ನ ‘ರಂಗಣ್ಣ’ ಅಂತಲೇ ಕರೀತಿದ್ದ.

ಈಗ ನೋಡಿ — ಮಧ್ಯಾಹ್ನ ಬೇಲೂರಲ್ಲಿ ಮೊದಲರ್ಧ ಓಡೋವಾಗ ಅವನಿಗೆ ಕೆಲಸ ಇಲ್ಲ, ಹಿಂದಿನ ಬಾಗಿಲ ಹತ್ರ ನಿಂತು ನೋಡ್ತಿದ್ದ. ಎರಡನೇ ಅರ್ಧ ಯಾವ ಊರಲ್ಲಿ ಓಡಿದ್ರೂ ಅವನು ರಸ್ತೆ ಮೇಲೆ. ಹೊತ್ತು ತರ್ತಿದ್ದೋನು ಅವನೇ, ಆದರೆ ಏಳು ವರ್ಷದಲ್ಲಿ ಒಂದು ಸಿನಿಮಾನೂ ಪೂರ್ತಿ ನೋಡಿರಲಿಲ್ಲ. ಅದಕ್ಕೆ ನಾವಿಬ್ರೂ ಒಂದು ಪದ್ಧತಿ ಮಾಡ್ಕೊಂಡಿದ್ವಿ. ಶುಕ್ರವಾರ ಬೆಳಗ್ಗೆ ಹಳೇ ಸಿನಿಮಾದ ಎರಡೂ ಪೆಟ್ಟಿಗೆ ನನ್ನ ಹತ್ರ ಇರ್ತಿತ್ತು. ಅವನು ಬಂದು ಅವನ್ನ ಬಸ್ಸಲ್ಲಿ ಅರಸೀಕೆರೆಗೆ ತಗೊಂಡು ಹೋಗಿ ರೈಲ್ವೆ ಪಾರ್ಸಲ್ಲಿಗೆ ಹಾಕಿ, ಬೆಂಗಳೂರಿಂದ ಬಂದ ಹೊಸ ಪೆಟ್ಟಿಗೆ ಬಿಡಿಸ್ಕೊಂಡು ಬರ್ತಿದ್ದ. ಅವತ್ತು ಆಟ ಇರ್ತಿರಲಿಲ್ಲ, ಹೊಸ ಸಿನಿಮಾ ಶನಿವಾರದಿಂದ ಶುರು. ಬಸ್ಸಿಗೆ ಮುಂಚೆ, ಮಿಷಿನ್ ರೂಮಿನಲ್ಲಿ ಕೂತು, ನಾನು ಅವನಿಗೆ ಇನ್ನರ್ಧ ಕತೆ ಹೇಳ್ತಿದ್ದೆ. ಏಳು ವರ್ಷದ ಸಿನಿಮಾಗಳ ಕೊನೆಯೆಲ್ಲ ಅವನಿಗೆ ಬಂದಿದ್ದು ನನ್ನ ಬಾಯಿಂದ. ಅಲ್ಲೀತನಕ ಒಂದಕ್ಷರನೂ ನಾನು ಹೆಚ್ಚುಕಮ್ಮಿ ಮಾಡಿರಲಿಲ್ಲ. ಇದು ನನ್ನ ಪರವಾಗಿ ಹೇಳ್ತಿರೋ ಮಾತಲ್ಲ. ಅವನು ಯಾಕೆ ನಂಬಿದ ಅನ್ನೋದಕ್ಕೆ ಹೇಳ್ತಿದೀನಿ.

ಚನ್ನಿಗಪ್ಪನಿಗೆ ನಗು ತಡವಾಗಿ ಬರ್ತಿತ್ತು. ಟಾಕೀಸಿನ ಎದುರು ಜಯಣ್ಣನ ಸೋಡಾ ಅಂಗಡಿ. ಜಯಣ್ಣ ಏನಾದರೂ ತಮಾಷೆ ಹೇಳೋನು, ಎಲ್ಲಾರೂ ನಕ್ಕು ಮುಗಿಸಿ, ಸೋಡಾ ಕುಡಿದು, ಮಾತು ಬೇರೆ ಕಡೆ ಹೋಗಿರೋದು — ಆಗ ಚನ್ನಿಗಪ್ಪ ಒಬ್ಬನೇ ಟಾಕೀಸಿನ ಶೀಟು ಅದುರೋ ಹಾಗೆ ಹ್ಹಹ್ಹಹ್ಹಾ ಅನ್ನೋನು. ಅವನು ದಡ್ಡ ಅಲ್ಲ. ಪೆಟ್ಟಿಗೆ ಒಂದು ದಿನವೂ ತಡ ಮಾಡಿದೋನಲ್ಲ. ನಗು ಮಾತ್ರ ಎಲ್ಲೋ ಸುತ್ತಾಡ್ಕೊಂಡು ಬರೋದು.

“ಏನ್ಲಾ ಚನ್ನಿಗ, ಈಗ ಬಂತಾ ನಿನ್ ಬಸ್ಸು?” ಅನ್ನೋನು ಜಯಣ್ಣ.

“ಪಂಕ್ಚರ್ ಆಗಿತ್ತೇನೋ ಕಣೋ,” ಅನ್ನೋನು ಪುಟ್ಟಸ್ವಾಮಿ. ಅವನು ನಮ್ಮ ಟಾಕೀಸಿನ ಗೇಟಲ್ಲಿ ಟಿಕೆಟ್ ಹರಿಯೋನು.

ಎಲ್ಲಾರೂ ಮತ್ತೆ ನಗೋರು. ನಾನೂ ನಗ್ತಿದ್ದೆ.

ಮಿಷಿನ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಮಾತ್ರ ಬೇರೆ. ನಾನು ಸಿನಿಮಾದ ಹಾಸ್ಯ ಹೇಳಿ, ಸುಮ್ಮನೆ ಕೂತು, ಅವನ ನಗು ಬರೋ ತನಕ ಕಾಯ್ತಿದ್ದೆ. ಬಂದೇ ಬರ್ತಿತ್ತು. ಅದು ಬಂದಾಗ ಹೇಳಿದ ಮಾತು ಮತ್ತೆ ಹೊಸದಾದ ಹಾಗೆ ಆಗಿ ನನಗೂ ಇನ್ನೊಂದು ಸಲ ನಗು ಬರೋದು. ಹಾಗೆ ನಾನು ಬೇರೆ ಯಾರ ಜೊತೆಗೂ ನಕ್ಕಿಲ್ಲ. ಆದರೆ ಹೊರಗೆ, ಜಯಣ್ಣನ ಬೆಂಚಿನ ಮೇಲೆ ಕೂತ್ಕೊಂಡ ಕೂಡಲೇ — ನಾನು ಆ ಕಡೆಯೋನು. ಇದೇ ನನ್ನ ತಪ್ಪಿನ ಬೇರು. ಆ ಶುಕ್ರವಾರದ್ದು ಅದರ ಕಾಯಿ ಅಷ್ಟೇ.

ಆ ಸಿನಿಮಾ ಬಂದಿದ್ದು ಬೇಸಿಗೆ ಕಳೆದ ಮೇಲೆ. ದೊಡ್ಡ ಸ್ಟಾರು ಯಾರೂ ಇಲ್ಲ. ಪೋಸ್ಟರಲ್ಲಿ ಡ್ರಮ್ಮು ಹೊತ್ಕೊಂಡ ಒಬ್ಬ ಉದ್ದನೆ ಮನುಷ್ಯ, ಕ್ಯಾಪು ಸೊಟ್ಟ. ಹೆಸರು ಹೇಳಿದ್ರೂ ಈಗ ಯಾರಿಗೂ ನೆನಪಿರಲಿಕ್ಕಿಲ್ಲ, ಬಿಡಿ. ಕತೆ ಇಷ್ಟೇ. ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಲ್ಲಿ ಒಬ್ಬ ಡ್ರಮ್ಮು ಹೊಡೆಯೋನು. ಅವನ ಏಟು ಯಾವಾಗಲೂ ಒಂದು ಕ್ಷಣ ತಡ. ಎಲ್ಲಾರೂ ಬಾರಿಸಿ ಮುಗಿಸಿದ ಮೇಲೆ ಅವನದು ಒಂದು ‘ಧಡ್’. ಮೊದಲರ್ಧ ಪೂರ್ತಿ ನಗು — ಕುದುರೆ ಬೆದರುತ್ತೆ, ಮದುಮಗ ಬೀಳ್ತಾನೆ, ಮಾವ ಅಟ್ಟಿಸ್ಕೊಂಡು ಬರ್ತಾನೆ. ಇಂಟರ್ವಲ್ಲಿನ ಹೊತ್ತಿಗೆ ಎಲ್ಲಾರೂ ಬೈದು ಬಿಟ್ಟು ಹೋದ ಮೇಲೆ, ಬ್ಯಾಂಡಿನಲ್ಲಿ ಪೀಪಿ ಊದೋ ಒಬ್ಬ ಮುದುಕ ಬಂದು ಅವನ ಸೊಟ್ಟ ಕ್ಯಾಪು ನೆಟ್ಟಗೆ ಮಾಡಿ, “ನಾಳೆಯಿಂದ ನನ್ನ ಪಕ್ಕ ನಿಂತ್ಕೊ” ಅಂತಾನೆ. ಅಲ್ಲಿಗೆ ಮೊದಲನೇ ಪೆಟ್ಟಿಗೆ ಮುಗೀತು.

ಶನಿವಾರ ಚನ್ನಿಗಪ್ಪ ಪೆಟ್ಟಿಗೆ ಇಳಿಸೋಕೆ ಮುಂಚೆಯೇ ಕೂಗಿದ.

“ರಂಗಣ್ಣ, ಬೇಗ ಹಾಕು. ಅದ್ರಲ್ಲಿ ನಾನಿವ್ನಿ!”

“ನೀನ್ಯಾವಾಗ ಸಿನಿಮಾಕ್ಕೆ ಹೋದ್ಯೋ?”

“ನಾನಲ್ಲ ಕಣಣ್ಣ, ನನ್ನಂಗಿರೋನು. ನೀನೇ ನೋಡು. ಬತ್ತೀನಿ.” ಗಾಡಿ ತಿರುಗಿಸ್ಕೊಂಡು ಹೋಗೇಬಿಟ್ಟ.

ನೋಡಿದೆ. ನಿಜ, ಅವನೇ. ನನಗೆ ನಗು ಬಂತು, ಒಂದು ಥರ ಸಂಕಟವೂ ಆಯ್ತು.

ಆ ವಾರ ಚನ್ನಿಗಪ್ಪ ದಿನದಿನಕ್ಕೆ ಬೇರೆಯಾಗ್ತಾ ಹೋದ. ತಲೆ ಬಾಚ್ಕೊಂಡು ಬಂದ. ಬೆನ್ನು ಬಗ್ಗಿಸಿ ನಡೆಯೋನು, ನೆಟ್ಟಗೆ ನಡೆದ. ಮಂಗಳವಾರ ಜಯಣ್ಣನ ಅಂಗಡಿ ಮುಂದೆ ಎಂದಿನ ಹಾಗೆ ತಡವಾಗಿ ನಕ್ಕ. ಜಯಣ್ಣ ಬಿಡ್ತಾನಾ? “ಏನ್ಲಾ, ಇದು ಈಗ ಹೇಳಿದ್ದಕ್ಕೋ, ನಿನ್ನೆ ಹೇಳಿದ್ದಕ್ಕೋ?” ಅಂದ. ಚನ್ನಿಗಪ್ಪ ಬೇರೆ ದಿನ ಆಗಿದ್ರೆ ತಲೆ ತಗ್ಗಿಸಿ ಗಾಡಿ ಹತ್ತೋನು. ಅವತ್ತು ನಿಂತ. ನಿಂತ್ಕೊಂಡು, ಸಿಟ್ಟಿಲ್ಲದೆ ಹೇಳಿದ:

“ನಂದು ಏಟು ಒಸಿ ತಡ ಕಣ್ರೀ ಜಯಣ್ಣ. ಬೀಳೋದಂತೂ ಬೀಳ್ತದೆ.”

ಬೆಂಚಿನ ಮೇಲಿದ್ದೋರೆಲ್ಲ ಘೊಳ್ ಅಂತ ನಕ್ಕರು. ಆ ಸಲ ನಕ್ಕಿದ್ದು ಅವನನ್ನ ನೋಡಿ ಅಲ್ಲ, ಅವನ ಮಾತಿಗೆ. ಜಯಣ್ಣ ಸೋಡಾ ಬಾಟಲಿಯ ಗೋಲಿ ಒತ್ತಿ ಶಬ್ದ ಮಾಡಿದ, ಅಷ್ಟೇ. ನನಗೆ ಖುಷಿಯಾಯ್ತು — ಆಗಬೇಕಿತ್ತು. ನಿಜ ಹೇಳಬೇಕು ಅಂತ ಕೂತಿದೀನಿ, ಹೇಳ್ತೀನಿ: ಖುಷಿಯ ಜೊತೆಗೆ ಇನ್ನೇನೋ ಒಂದು ಚುಚ್ಚಿತು. ಇಷ್ಟು ದಿನ ಆ ಬೆಂಚಿನ ಮೇಲೆ ನನಗಿಂತ ಕೆಳಗೆ ಒಬ್ಬ ಇದ್ದ. ಅವನು ಎದ್ದು ನಿಂತರೆ ಆ ಜಾಗಕ್ಕೆ ಯಾರು?

ಅವತ್ತೇ ಸಂಜೆ ಮಿಷಿನ್ ರೂಮಿಗೆ ಬಂದು ಕೇಳಿದ. “ಅಣ್ಣ, ಈ ಸಿನಿಮಾದ್ದು ನೀನು ಹೇಳಬೇಡ. ನಾನೇ ನೋಡಬೇಕು. ಆಗುತ್ತಾ?”

ಏಳು ವರ್ಷದಲ್ಲಿ ಅವನು ನನ್ನನ್ನ ಕೇಳಿದ್ದು ಅದೊಂದೇ. ನಾನು ಯೋಚನೆಯೇ ಮಾಡದೆ ಹೂಂ ಅಂದೆ. ಶುಕ್ರವಾರ ಒಂಬತ್ತು ಗಂಟೆಗೆ ಬಾ, ಬಸ್ಸು ಹನ್ನೊಂದೂವರೆಗೆ, ನಿನಗೊಬ್ಬನಿಗೇ ಎರಡನೇ ಪೆಟ್ಟಿಗೆ ಓಡಿಸ್ತೀನಿ ಅಂದೆ. ಅವನು ನನ್ನ ಕೈ ಹಿಡ್ಕೊಂಡ. ಪೆಟ್ಟಿಗೆ ಹಗ್ಗ ಎಳೆದೂ ಎಳೆದೂ ಅಂಗೈಯೆಲ್ಲ ಗಟ್ಟಿ.

ಶುಕ್ರವಾರ ಬಂದ. ಬಿಳೀ ಶರ್ಟು, ಇಸ್ತ್ರಿ ಮಾಡಿದ್ದು. ಕೈಯಲ್ಲಿ ಅಕ್ಕ ಕೊಟ್ಟ ಟಿಫಿನ್ ಕ್ಯಾರಿಯರು. ಒತ್ತು ಶ್ಯಾವಿಗೆ, ಕಾಯಿಹಾಲು. ಆಗ ತಾನೇ ಒತ್ತಿದ್ದು. ಡಬ್ಬಿ ಇನ್ನೂ ಬಿಸಿ ಇತ್ತು.

ಅವತ್ತು ಹೊಸ ಪೋಸ್ಟರು ಅಂಟಿಸೋಕೆ ಪುಟ್ಟಸ್ವಾಮಿ ಬೇಗ ಬಂದಿದ್ದ. ಅವನ ಜೊತೆ ಮಾತಾಡ್ತಾ ಜಯಣ್ಣನೂ ಟಾಕೀಸಿನ ಮೆಟ್ಟಿಲ ಮೇಲೆ ಕೂತಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ರೀಲು ಸುತ್ತಿ ಸಿದ್ಧ ಮಾಡಿಟ್ಟಿದ್ದೆ. ಅಲ್ಲೀತನಕ ಓಡಿಸಬೇಕು ಅಂತಲೇ ಇತ್ತು ಮನಸ್ಸಲ್ಲಿ. ದೇವರಾಣೆ — ಇಲ್ಲ, ಆಣೆ ಯಾಕೆ. ಇತ್ತು, ಆದರೆ ನಿಲ್ಲಲಿಲ್ಲ.

“ಏನ್ಲಾ ಚನ್ನಿಗ, ಹೆಣ್ಣು ನೋಡಕ್ಕೆ ಹೊಂಟಿದಿಯೇನ್ಲಾ?” ಅಂದ ಜಯಣ್ಣ.

“ಇಲ್ಲ ಕಣ್ರೀ. ಇವತ್ತು ನಮ್ಮಿಬ್ರುದೇ ಆಟ. ನಂದೂ ರಂಗಣ್ಣಂದೂ.” ಚನ್ನಿಗಪ್ಪನ ಮುಖ ಅರಳಿತ್ತು. “ಆ ಸಿನಿಮಾದಲ್ಲಿ ಪೀಪಿ ಊದೋನಿಲ್ವಾ, ನಮ್ಮ ರಂಗಣ್ಣ ಹಂಗೇಯ. ನನ್ನ ಪಕ್ಕ ನಿಲ್ಲೋನು ಅಂದ್ರೆ ಇವನೊಬ್ನೇ.”

ಪುಟ್ಟಸ್ವಾಮಿ ಕೈಯಲ್ಲಿದ್ದ ಮೈದಾ ಅಂಟಿನ ಬಕೆಟ್ಟು ಕೆಳಗಿಟ್ಟ. ಜಯಣ್ಣ ನನ್ನ ಕಡೆ ತಿರುಗಿದ. ನಿಧಾನವಾಗಿ, ಒಂದೊಂದೇ ಮಾತು ಬಿಟ್ಟು ಬಿಟ್ಟು:

“ಓಹೋಹೋ. ಏನ್ ರಂಗ, ಜೋಡಿ ಸಿಕ್ತಲ್ಲಪ್ಪ ನಿಂಗೆ. ಅದಕ್ಕೇಯ ಮಿಷಿನ್ ರೂಮಲ್ಲಿ ಇಬ್ರೂ ಸೇರ್ಕಳೋದು? ನಿಂದೂ ಬಸ್ಸು ತಡಾನೇಯ ಹಂಗಾರೆ?”

ಇಷ್ಟೇ ಆಗಿದ್ದು. ಇಷ್ಟೇ. ಯಾರೂ ಹೊಡೀಲಿಲ್ಲ, ಕೆಲಸದಿಂದ ತೆಗೀತೀನಿ ಅನ್ನಲಿಲ್ಲ. ನನ್ನ ಕಿವಿ ಬಿಸಿಯಾಯ್ತು. ‘ಹೌದು, ನಾನು ಇವನ ಪಕ್ಕ ನಿಲ್ಲೋನು’ ಅಂದಿದ್ರೆ ಒಂದು ನಿಮಿಷ ನಗೋರು, ಮುಗೀತಿತ್ತು.

ನಾನು ಅಂದೆ: “ಯಾವ ಆಟನೋ? ಕರೆಂಟಿಲ್ಲ.”

ಟಿಕೆಟ್ ಕಿಟಕಿ ಮೇಲೆ ಬಲ್ಬು ಉರೀತಿತ್ತು. ಹಗಲಾದ್ರೂ ಯಾರೂ ಆರಿಸಿರಲಿಲ್ಲ. ಚನ್ನಿಗಪ್ಪ ತಲೆ ಎತ್ತಿ ಅದನ್ನ ನೋಡಿದ. ನಾನೂ ನೋಡಿದೆ. ಅವನು ನನಗೆ ದಾರಿ ಬಿಟ್ಟುಕೊಟ್ಟ ಹಾಗೆ, “ಹೋಗ್ಲಿ ಬಿಡಣ್ಣ. ಯಾವಾಗಲೂ ಹೇಳೋ ಹಂಗೆ ಹೇಳು. ಸಾಕು,” ಅಂದ.

ಅಲ್ಲೂ ನಾನು ತಿದ್ಕೋಬಹುದಿತ್ತು. ಇದ್ದದ್ದನ್ನ ಇದ್ದ ಹಾಗೆ ಹೇಳಿದ್ರೆ ಸಾಕಿತ್ತು.

ಇದ್ದದ್ದು ಏನು ಅಂದ್ರೆ — ಕೊನೇ ರೀಲಲ್ಲಿ ದೊಡ್ಡ ಮೆರವಣಿಗೆ. ಬ್ಯಾಂಡಿನ ಮಾಲೀಕ ಡ್ರಮ್ಮಿನವನನ್ನ ನಡುಬೀದೀಲಿ ಸಾಲಿಂದ ಆಚೆ ತಳ್ತಾನೆ. ಮೆರವಣಿಗೆ ಮುಂದೆ ಹೋಗುತ್ತೆ. ಹತ್ತು ಹೆಜ್ಜೆ ಹೋದ ಮೇಲೆ ಪೀಪಿ ಊದೋ ಮುದುಕ ಊದೋದು ನಿಲ್ಲಿಸ್ತಾನೆ. ಆಮೇಲೆ ಒಬ್ಬೊಬ್ಬರೇ ನಿಲ್ಲಿಸ್ತಾರೆ. ಬೀದಿ ಪೂರ್ತಿ ಸುಮ್ಮನೆ. ಹಿಂದಿಂದ ಆ ತಡವಾದ ಏಟು ಬರುತ್ತೆ — ಧಡ್. ಮುದುಕ ಆ ಏಟಿಗೆ ಹೊಂದಿಸ್ಕೊಂಡು ಊದೋಕೆ ಶುರು ಮಾಡ್ತಾನೆ. ಇಡೀ ಬ್ಯಾಂಡು ಹೆಜ್ಜೆ ಬದಲಾಯಿಸಿ ಅವನ ಏಟಿಗೇ ನಡೆಯುತ್ತೆ. ನಮ್ಮ ಹಳೇಬೀಡಿನ ಜನ ಪ್ರತಿ ಆಟದಲ್ಲೂ ಅಲ್ಲಿ ಸಿಳ್ಳೆ ಹೊಡೀತಿದ್ರು. ನಾನು ಮಿಷಿನ್ ರೂಮಿನ ತೂತಲ್ಲಿ ನೋಡಿ ಕಣ್ಣೊರೆಸ್ಕೊಳ್ತಿದ್ದೆ.

ನಾನು ಹೇಳಿದ್ದು ಇದು. ಒಂದಕ್ಷರ ಬಿಡದೆ ಬರೀತೀನಿ:

“ಕೊನೇಲಿ ಗೊತ್ತಾಗುತ್ತೆ ಕಣೋ, ಆ ಪೀಪಿಯೋನು ಅವನ ಸ್ನೇಹಿತನೇ ಅಲ್ಲ. ಜನ ನಗಲಿ ಅಂತ ಪಕ್ಕದಲ್ಲಿ ನಿಲ್ಲಿಸ್ಕೊಂಡಿದ್ದ. ಅವನೇ ಡ್ರಮ್ಮು ಕಿತ್ಕೊಂಡು ಕಳಿಸ್ತಾನೆ. ಅಷ್ಟೇ ಸಿನಿಮಾ.”

ಜಯಣ್ಣ ತೊಡೆ ತಟ್ಕೊಂಡು ನಕ್ಕ. ಪುಟ್ಟಸ್ವಾಮಿನೂ. ಆಮೇಲೆ ಇಬ್ಬರೂ ಸುಮ್ಮನಾಗಿ ಚನ್ನಿಗಪ್ಪನ ಮುಖ ನೋಡಿದ್ರು. ಅವನ ನಗು ತಡವಾಗಿ ಬರುತ್ತಲ್ಲ, ಅದಕ್ಕೆ ಕಾಯ್ತಿದ್ರು. ನಾನೂ ಕಾದೆ. ಒಂದು ನಿಮಿಷ ಆಯ್ತು, ಎರಡಾಯ್ತು. ಬರಲಿಲ್ಲ.

“ಅವನು ಏನೂ ಅನ್ನಲ್ವಾ ಅಣ್ಣ?” ಅಂತ ಕೇಳಿದ.

“ಏನಂತಾನೆ? ಹೋಗ್ತಾನೆ.”

ಅವನು ಒಳಗೆ ಹೋಗಿ ಎರಡೂ ಪೆಟ್ಟಿಗೆ ಎತ್ಕೊಂಡು ಬಂದ. ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಕ್ಯಾರಿಯರು ಮೆಟ್ಟಿಲ ಮೇಲಿಟ್ಟು, ನನಗೆ “ಆರೋಗ್ತದೆ. ತಿನ್ನಿ,” ಅಂದ. ಏಳು ವರ್ಷ ‘ನೀನು’ ಅಂದಿದ್ದೋನು. ಬಸ್ ಸ್ಟಾಂಡ್ ಕಡೆ ನಡ್ಕೊಂಡು ಹೋದ. ಒಂದು ಪೆಟ್ಟಿಗೆ ಹೆಗಲ ಮೇಲೆ, ಒಂದು ಕೈಯಲ್ಲಿ. ಆ ಬ್ಯಾಂಡಿನೋರು ಹೆಜ್ಜೆ ಬದಲಾಯಿಸೋ ರೀಲು ಅವನ ಹೆಗಲ ಮೇಲೇ ಇತ್ತು. ಅರಸೀಕೆರೆ ತನಕ ಅದನ್ನ ಅವನೇ ಹೊತ್ಕೊಂಡು ಹೋದ, ತಲೇಲಿ ನನ್ನ ಸುಳ್ಳು ಇಟ್ಕೊಂಡು.

ಶ್ಯಾವಿಗೆ ಜಯಣ್ಣ ತಿಂದ. “ಅವ್ನಕ್ಕ ಚೆನ್ನಾಗಿ ಮಾಡ್ತಾಳೆ ಕಣ್ಲಾ,” ಅಂದ.

ಸಂಜೆ ಹೊಸ ಸಿನಿಮಾದ ಪೆಟ್ಟಿಗೆ ತಂದೋನು ಬೇರೆ ಯಾರೋ. ಚನ್ನಿಗಪ್ಪ ಅರಸೀಕೆರೇಲೇ ಉಳ್ಕೊಂಡನಂತೆ. ಸಾಹುಕಾರರು ಎರಡು ಸಲ ಹೇಳಿ ಕಳಿಸಿದ್ರು, ಬರಲಿಲ್ಲ. ಕೊಬ್ಬರಿ ಮಂಡೀಲಿ ಮೂಟೆ ಹೊರೋಕೆ ಸೇರ್ಕೊಂಡ ಅಂತ ಗೊತ್ತಾಯ್ತು. ಯಾಕೆ ಬಿಟ್ಟ ಅಂತ ಸಾಹುಕಾರರು ನನ್ನನ್ನ ಕೇಳಿದ್ರು. ಗೊತ್ತಿಲ್ಲ ಅಂದೆ. ಅದು ಮೂರನೇ ಸುಳ್ಳು.

ಎರಡು ವರ್ಷ ಆದ ಮೇಲೆ ಏನೋ ಕೆಲಸಕ್ಕೆ ಅರಸೀಕೆರೆಗೆ ಹೋದಾಗ ಅವನನ್ನ ನೋಡಿದೆ. ಮಂಡಿ ಗೇಟಿನ ಒಳಗೆ ಲಾರಿಗೆ ಮೂಟೆ ಹಾಕ್ತಿದ್ದ. ಬೆನ್ನು ಮತ್ತೆ ಬಗ್ಗಿತ್ತು. ಮೂಟೆ ಇಳಿಸಿದ ಮೇಲೂ ಬಗ್ಗೇ ಇತ್ತು. ಅವನು ಈ ಕಡೆ ತಿರುಗೋದಕ್ಕೂ ನಾನು ಒಂದು ಲಾರಿ ಹಿಂದೆ ಸರಿದೆ. ಟೈರಿನ ಪಕ್ಕ ಎಷ್ಟೋ ಹೊತ್ತು ನಿಂತಿದ್ದು, ಹಿಂದಿನ ದಾರೀಲಿ ಬಸ್ ಸ್ಟಾಂಡಿಗೆ ಹೋದೆ. ಎಲ್ಲಾರಿಗೂ ಒಂದು ಅವಕಾಶ ಸಿಗುತ್ತಲ್ಲ — ನನ್ನದು ಆ ಟೈರಿನ ಪಕ್ಕ ಹೋಯ್ತು.

ಟಾಕೀಸು ಮುಚ್ಚಿತು. ಮನೆಮನೆಗೂ ಟೀವಿ ಬಂದಿತ್ತು, ಆಮೇಲೆ ಸೀಡಿ. ಮಿಷಿನ್ನು ತೂಕಕ್ಕೆ ಹೋಯ್ತು. ಮಿಷಿನ್ ರೂಮು ಖಾಲಿ ಮಾಡೋವಾಗ ಮೂಲೇಲಿ ಆ ಟಿಫಿನ್ ಕ್ಯಾರಿಯರು ಸಿಕ್ತು. ವಾಪಸ್ ಕೊಡೋಕೆ ಹಗರೆ ಏನು ದೂರ ಅಲ್ಲ. ಕೊಟ್ಟಿರಲಿಲ್ಲ. ಮನೆಗೆ ತಂದು ಅಟ್ಟದ ಮೇಲಿಟ್ಟೆ.

ನನಗೆ ಅರಸೀಕೆರೇಲಿ ಒಂದು ಕಾಲೇಜಲ್ಲಿ ಅಟೆಂಡರ್ ಕೆಲಸ ಆಯ್ತು. ಅಲ್ಲಿನ ಮೇಷ್ಟ್ರೊಬ್ಬರು ಬಿಡದೆ ಹಿಡಿದು ಓದಿಸಿದ್ರು. ಮೂವತ್ತೈದನೇ ವಯಸ್ಸಲ್ಲಿ, ಮಕ್ಕಳ ಪಕ್ಕ ಬೆಂಚಲ್ಲಿ ಕೂತು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದೆ. ಕನ್ನಡ ಪತ್ರಿಕೇಲಿ ಪ್ರಬಂಧ ಕೇಳಿದ್ರು — ‘ನನ್ನ ಗೆಳೆಯ’. ನನ್ನ ಪೆನ್ನು ತಾನಾಗೇ ಚನ್ನಿಗಪ್ಪನ ಹೆಸರು ಬರೀತು. ಎರಡು ಪುಟ ಬರೆದೆ. ಪೆಟ್ಟಿಗೆ, ಮೊಪೆಡ್ಡು, ಅವನ ತಡವಾದ ನಗು, ಎಲ್ಲಾ. ಕೊನೇಲಿ, ಶುಕ್ರವಾರ ಅವನಿಗೊಬ್ಬನಿಗೇ ನಾನು ಸಿನಿಮಾ ಓಡಿಸಿ ತೋರಿಸಿದೆ, ಅವನು ಕಣ್ಣೀರು ಹಾಕಿದ ಅಂತ ಬರೆದೆ. ಕನ್ನಡದಲ್ಲೇ ನನಗೆ ಎಲ್ಲಕ್ಕಿಂತ ಹೆಚ್ಚು ನಂಬರು ಬಂತು. ಮೇಷ್ಟ್ರು ಬೆನ್ನು ತಟ್ಟಿದ್ರು. ಮನೆಗೆ ಬಂದು ಊಟ ಮಾಡೋಕಾಗಲಿಲ್ಲ. ಅಕ್ಷರ ಕಲಿತ ಮೇಲೆ ನಾನು ಮಾಡಿದ ಮೊದಲನೇ ಕೆಲಸ ಇದು.

ಹೋದ ತಿಂಗಳು ಬಸ್ ಸ್ಟಾಂಡಿನ ತಳ್ಳುಗಾಡೀಲಿ ಹಳೇ ಸೀಡಿಗಳ ಮಧ್ಯೆ ಆ ಸೊಟ್ಟ ಕ್ಯಾಪು ಕಾಣಿಸ್ತು. ತಗೊಂಡೆ. ಮನೇಲಿ ಹಾಕಿ ಕೊನೆ ನೋಡಿದೆ. ಮುದುಕ ಊದೋದು ನಿಲ್ಲಿಸೋ ಜಾಗ ಬಂದಾಗ ಎದ್ದು ಆರಿಸಿಬಿಟ್ಟೆ. ಮಾರನೇ ದಿನ ಸೀಡಿ, ಕ್ಯಾರಿಯರು ಎರಡೂ ಚೀಲದಲ್ಲಿಟ್ಕೊಂಡು ಮಂಡಿಗೆ ಹೋದೆ. ನಾನಿರೋದೂ ಅದೇ ಊರಲ್ಲೇ. ನಡ್ಕೊಂಡು ಹೋದರೆ ಕಾಲು ಗಂಟೆ. ಆ ಕಾಲು ಗಂಟೆ ನಡೆಯೋಕೆ ಇಷ್ಟು ವರ್ಷ ಹಿಡೀತು.

ಚನ್ನಿಗಪ್ಪ ಒಂದು ಮೂಟೆ ಮೇಲೆ ಕೂತಿದ್ದ. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನ ಗುರುತು ಹಿಡಿಯೋಕೆ ಅವನಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

“ಬನ್ನಿ ಆಪರೇಟ್ರೇ,” ಅಂದ. ಪಕ್ಕದ ಮೂಟೆಯ ಧೂಳು ಟವಲ್ಲಿಂದ ಹೊಡೆದ.

ನಾನು ಕೂರಲಿಲ್ಲ. ಕ್ಯಾರಿಯರು ಕೊಟ್ಟೆ. ಮುಚ್ಚಳ ತೆಗೆದು ನೋಡಿ, “ಅಕ್ಕ ಇದುನ್ನ ಬಾಳ ದಿನ ಹುಡುಕುದ್ಲು,” ಅಂದ. ನಾನು ಸೀಡಿ ಕೈಗಿಟ್ಟು ಹೇಳಿದೆ: “ಅಣ್ಣ, ಇದರ ಕೊನೆ ನಾನು ಹೇಳಿದ ಹಾಗಿಲ್ಲ. ನಾನವತ್ತು ಸುಳ್ಳು ಹೇಳ್ದೆ.” ಅವನನ್ನ ನಾನು ಅಣ್ಣ ಅಂದಿದ್ದು ಅದೇ ಮೊದಲು.

ಅವನು ಸೀಡಿ ಮೇಲಿನ ಚಿತ್ರ ನೋಡಿದ. “ಗೊತ್ತು,” ಅಂದ.

ನನಗೆ ಅರ್ಥವಾಗಲಿಲ್ಲ.

“ಆ ಪೆಟ್ಟಿಗೆ ಬೆಂಗಳೂರಿಗೆ ಹೋಗಲಿಲ್ಲ ಕಣ್ರೀ. ಮಾರನೇ ವಾರ ಇಲ್ಲೇ ಅರಸೀಕೆರೆ ಟಾಕೀಸಿಗೆ ಬಂತು. ಪಾರ್ಸಲ್ ಆಫೀಸಿಂದ ನಾನೇ ಹೊತ್ತು ಕೊಟ್ಟಿದ್ದು. ಆಮೇಕೆ ಟಿಕೆಟ್ ತಗೊಂಡು ಒಳಗೆ ಕುಂತು ಪೂರ್ತಿ ನೋಡ್ದೆ. ಎಲ್ಲಾ ಸಿಳ್ಳೆ ಹೊಡುದ್ರು.” ಸೀಡಿ ತಿರುಗಿಸಿ ಹಿಂದುಗಡೆ ನೋಡಿದ. “ಚೆನ್ನಾಗೈತೆ ಕೊನೆ. ಆದ್ರೆ ಅದು ಸಿನಿಮಾದ್ದು. ನೀವು ಹೇಳಿದ್ದು ನಂದು.”

ಸಿಟ್ಟಲ್ಲಿ ಹೇಳಲಿಲ್ಲ. ಸಿಟ್ಟಲ್ಲಿ ಹೇಳಿದ್ರೆ — ನಾನು ಏನಾದರೂ ಉತ್ತರ ಕೊಡಬಹುದಿತ್ತೇನೋ. ನಾನು ಸಿನಿಮಾದ ಬಗ್ಗೆ ಸುಳ್ಳು ಹೇಳಿದೆ ಅಂತ ಇಷ್ಟು ವರ್ಷ ಕೊರಗ್ತಿದ್ದೆ. ಆದರೆ ಅವತ್ತು ಮೆಟ್ಟಿಲ ಮೇಲೆ ನಾನು ಹೇಳಿದ್ದು ನನ್ನ ಬಗ್ಗೆ, ಒಂದಕ್ಷರ ಸುಳ್ಳಿಲ್ಲದೆ. ಜನ ನಗಲಿ ಅಂತ ಪಕ್ಕದಲ್ಲಿ ನಿಲ್ಲಿಸ್ಕೊಂಡಿದ್ದ. ಅವನೇ ಕಿತ್ಕೊಂಡು ಕಳಿಸಿದ. ಚನ್ನಿಗಪ್ಪ ಅದನ್ನ ಅವತ್ತೇ ತಿಳ್ಕೊಂಡಿದ್ದ.

ಅಷ್ಟರಲ್ಲಿ ಪಕ್ಕದ ಹಮಾಲಿಯೊಬ್ಬ ಏನೋ ಪೋಲಿ ಮಾತು ಎಸೆದ. ಆರೇಳು ಜನ ಇದ್ರು, ನಕ್ಕರು. ಚನ್ನಿಗಪ್ಪನೂ ನಕ್ಕ. ನಾನು ನೋಡ್ತಾನೇ ಇದ್ದೆ. ಅವನ ಕಣ್ಣು ಬೇರೆಯವರ ಬಾಯಿ ಮೇಲಿತ್ತು. ಅವರ ಬಾಯಿ ತೆರೆದ ಕೂಡಲೇ ಇವನೂ ತೆರೆದ, ಅವರು ಮುಚ್ಚಿದ ಕೂಡಲೇ ಮುಚ್ಚಿದ. ಎಲ್ಲರ ಜೊತೆಗೆ, ಸರಿಯಾದ ಹೊತ್ತಿಗೆ. ಚಿಕ್ಕ ನಗು, ಗಂಟಲಲ್ಲೇ ಮುಗಿದು ಹೋಗೋದು. ಶೀಟು ಅದುರಿಸೋ ನಗು ಅದಲ್ಲ.

ಸೀಡಿ ವಾಪಸ್ ಕೊಟ್ಟ. “ಮನೇಲಿ ಹಾಕೋ ಮಿಷಿನ್ನಿಲ್ಲ,” ಅಂದ. ಲಾರಿ ಬಂತು ಅಂತ ಯಾರೋ ಕೂಗಿದ್ರು. ಎದ್ದು ಹೋದ.

ಕ್ಷಮಿಸು ಅಂತ ನಾನು ಕೇಳಲಿಲ್ಲ. ಕೇಳಿದ್ರೆ ಆಯ್ತು ಬಿಡಿ ಅನ್ನೋನು, ಬಲ್ಬು ನೋಡಿ ಸುಮ್ಮನಾದ ಹಾಗೆ. ಇನ್ನೊಂದು ಸಲ ಅವನಿಂದ ದಾರಿ ಬಿಡಿಸ್ಕೊಳ್ಳೋದು ನನಗೆ ಬೇಡ.

ಬರೋ ಭಾನುವಾರ ಹಳೇಬೀಡಿಗೆ ಹೋಗ್ತೀನಿ. ಜಯಣ್ಣನ ಅಂಗಡಿ ಇದೆ. ಸೋಡಾ ಹೋಗಿ ಮೊಬೈಲ್ ಕರೆನ್ಸಿ ಬಂದಿದೆ. ಬೆಂಚು ಅದೇ. ಪುಟ್ಟಸ್ವಾಮಿನೂ ಅಲ್ಲೇ ಕೂತಿರ್ತಾನೆ. ಇದನ್ನ ಪ್ರಿಂಟ್ ತೆಗೆದು ಅವರಿಬ್ಬರ ಮುಂದೆ, ಬೆಂಚಿನ ಮೇಲೆ ಇನ್ನೂ ಯಾರಿದ್ರೆ ಅವರ ಮುಂದೆ, ಮೊದಲಿಂದ ಕೊನೇತನಕ ಓದ್ತೀನಿ. ನಗಬಹುದು. ನಗಲಿ. ಅವತ್ತು ಅವನ ಪಕ್ಕ ನಿಂತಿದ್ರೆ ನನ್ನ ಮೇಲೆ ಬೀಳ್ತಿದ್ದ ನಗು ಅದು. ಇದರಿಂದ ಚನ್ನಿಗಪ್ಪನಿಗೆ ಏನೂ ವಾಪಸ್ ಬರಲ್ಲ ಅಂತ ಗೊತ್ತು.

ನಂದು ಏಟು ಒಸಿ ತಡ ಅಂತ ಅಂದ್ಕೊಳ್ಳೋಣ ಅನ್ನಿಸ್ತು, ಇದನ್ನ ಮುಗಿಸೋವಾಗ. ಟೈಪ್ ಮಾಡಿ ಅಳಿಸಿದೆ. ಆ ಮಾತು ಅವನದು.